ಕಟ್ಟಿಕೊಟ್ಟ ಸುಶಿ: ಗಿರಾಕಿಯ ಕಡೆಯಿಂದ ಒಂದು ಚರಿತ್ರೆ

ಮುಂಬಯಿ, ಪುಣೆ, ದೆಹಲಿಯ ಮಾಲುಗಳಲ್ಲಿ ಈಗ ಸುಶಿ ಅಪರೂಪದ ವಸ್ತುವಲ್ಲ. ಕಪ್ಪು ಪ್ಲಾಸ್ಟಿಕ್ ತಳ, ಒಳಗಿದ್ದದ್ದು ಕಾಣುವ ಮುಚ್ಚಳ, ಸಾಲಾಗಿ ಆರೋ ಎಂಟೋ ತುಂಡುಗಳು, ಮೂಲೆಯಲ್ಲಿ ಗುಲಾಬಿ ಬಣ್ಣದ ಶುಂಠಿ, ಒಂದು ಚಿಟಿಕೆ ಹಸಿರು ವಸಾಬಿ, ಬೆರಳುದ್ದದ ಸೋಯಾ ಸಾಸ್ ಪೊಟ್ಟಣ. ಮಕ್ಕಳು ಫೋನಿನಲ್ಲಿ ಆರ್ಡರ್ ಮಾಡುತ್ತಾರೆ, ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುತ್ತದೆ. ಸುಶಿ ಎಂದರೆ ಪಂಚತಾರಾ ಹೋಟೆಲಿನ ಊಟ, ಅದು ಈಚೆಗೆ ಅಗ್ಗವಾಗಿ ಡಬ್ಬಿಗೆ ಇಳಿದಿದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಚರಿತ್ರೆಯಲ್ಲಿ ಆದದ್ದು ಇದರ ತಿರುಗಾಮುರುಗಾ. ನಾವು ಇಂದು ಕಾಣುವ ಸುಶಿ ಹುಟ್ಟಿದ್ದೇ ಬೀದಿ ಬದಿಯ ಗಾಡಿಯಲ್ಲಿ, ಕಟ್ಟಿಸಿಕೊಂಡು ಹೋಗುವ ತಿಂಡಿಯಾಗಿ. ಶಾಂತವಾದ ಕೋಣೆ, ನುಣುಪಾದ ಮರದ ಕಟ್ಟೆ, ಮಾತಿಲ್ಲದೆ ಮೀನು ಕತ್ತರಿಸುವ ಗಂಭೀರ ಬಾಣಸಿಗ, ಇದೆಲ್ಲ ಆಮೇಲೆ ಬಂದದ್ದು.

ಸುಶಿಯ ಚರಿತ್ರೆಯನ್ನು ಸಾಮಾನ್ಯವಾಗಿ ಅದನ್ನು ಮಾಡುವವರ ಕಡೆಯಿಂದ ಹೇಳುತ್ತಾರೆ: ಯಾರ ಕೈ ಚಳಕ, ಯಾರ ಚಾಕು, ಎಷ್ಟು ವರ್ಷದ ಶಿಷ್ಯವೃತ್ತಿ. ಕೊಂಡು ತಿಂದವರ ಕಡೆಯಿಂದ ನೋಡಿದರೆ ಬೇರೆ ಪ್ರಶ್ನೆಗಳು ಏಳುತ್ತವೆ. ಅಂಗಡಿಯ ಮುಂದೆ ಯಾರು ನಿಲ್ಲಬಹುದಿತ್ತು? ಬೆಲೆ ಕೇಳುವ ಧೈರ್ಯ ಯಾರಿಗಿತ್ತು? ಮನೆಯಲ್ಲಿದ್ದ ಹೆಂಗಸರು, ಮಕ್ಕಳಿಗೆ ಅದು ತಲುಪಿದ್ದು ಹೇಗೆ? ಮಹಿಳಾ ವೇದಿಕೆಯ ಈ ಸಂಚಿಕೆಗೆ ಆ ದಾರಿಯೇ ಸರಿ ಎನಿಸಿತು.

ಎಸೆಯುತ್ತಿದ್ದ ಅನ್ನ

ಸುಶಿ ಮೊದಲಿಗೆ ತಿಂಡಿಯಲ್ಲ, ಮೀನನ್ನು ಕೆಡದಂತೆ ಇಡುವ ಒಂದು ಉಪಾಯ. ಉಪ್ಪು ಹಾಕಿದ ಮೀನನ್ನು ಬೇಯಿಸಿದ ಅನ್ನದ ಜೊತೆ ಒತ್ತಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿಯುತ್ತಿತ್ತು, ಆ ಹುಳಿ ಮೀನನ್ನು ಕಾಪಾಡುತ್ತಿತ್ತು. ತಿನ್ನುವಾಗ ಅನ್ನವನ್ನು ಕೆರೆದು ಎಸೆದು ಮೀನನ್ನಷ್ಟೇ ತಿನ್ನುತ್ತಿದ್ದರು. ಭತ್ತ ಬೆಳೆಯುವ ಆಗ್ನೇಯ ಏಷ್ಯಾದ ನದೀತೀರಗಳಿಂದ ಈ ಪದ್ಧತಿ ಚೀನಾದ ಮೂಲಕ ಜಪಾನಿಗೆ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. 10ನೇ ಶತಮಾನದ ‘ಎಂಗಿಶಿಕಿ’ ಎಂಬ ಸರ್ಕಾರಿ ಗ್ರಂಥದಲ್ಲಿ, ಬೇರೆ ಬೇರೆ ಪ್ರಾಂತಗಳು ಅರಮನೆಗೆ ಕಂದಾಯವಾಗಿ ಕಳಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಇಂಥ ಸುಶಿಯ ಹೆಸರೂ ಇದೆ. ಬಿವಾ ಸರೋವರದ ಸುತ್ತಲಿನ ಊರುಗಳಲ್ಲಿ ಇಂದಿಗೂ ‘ಫುನಾಜುಶಿ’ ಎಂಬ ಈ ಹಳೆಯ ಬಗೆಯನ್ನು ಮಾಡುತ್ತಾರೆ. ಅದರ ವಾಸನೆ ತೀಕ್ಷ್ಣ. ಅಭ್ಯಾಸ ಇಲ್ಲದವರು ಮೂಗು ಮುಚ್ಚಿಕೊಳ್ಳಬೇಕು.

ಕಾಲ ಕಳೆದಂತೆ ಜನಕ್ಕೆ ಕಾಯುವ ತಾಳ್ಮೆ ಕಡಿಮೆಯಾಯಿತು. ಅನ್ನ ಪೂರ್ತಿ ಕರಗುವ ಮೊದಲೇ ತೆಗೆದು ಮೀನಿನ ಜೊತೆ ಅದನ್ನೂ ತಿನ್ನತೊಡಗಿದರು. 17ನೇ ಶತಮಾನದ ಹೊತ್ತಿಗೆ ಅನ್ನಕ್ಕೆ ನೇರವಾಗಿ ವಿನೆಗರ್ ಬೆರೆಸಿ, ಹುಳಿಯುವವರೆಗೆ ಕಾಯುವ ಕೆಲಸವನ್ನೇ ಬಿಟ್ಟರು. ನಾವು ಹಿಟ್ಟು ರುಬ್ಬಿ ರಾತ್ರಿಯಿಡೀ ಹುಳಿ ಬರಿಸುವ ಬದಲು ಸೋಡಾ ಹಾಕಿ ದಿಢೀರ್ ಇಡ್ಲಿ ಮಾಡಿದ ಹಾಗೆ. 1804ರಲ್ಲಿ ಹಂದಾ ಎಂಬ ಊರಿನ ನಕಾನೊ ಮತಾಜಾಎಮೊನ್ ಎಂಬಾತ ಅಕ್ಕಿಯ ಮದ್ಯ ತಯಾರಿಸಿ ಉಳಿದ ಗಸಿಯಿಂದ ವಿನೆಗರ್ ಮಾಡಲು ಶುರು ಮಾಡಿದ. ಎಸೆಯುವ ವಸ್ತುವಿನಿಂದ ಮಾಡಿದ ಕಾರಣ ಅದು ಅಗ್ಗ. ಹಡಗಿನಲ್ಲಿ ರಾಜಧಾನಿ ಎಡೊಗೆ, ಅಂದರೆ ಇಂದಿನ ಟೋಕಿಯೋಗೆ, ಅದು ಹೋಗತೊಡಗಿತು. ಬೀದಿ ಸುಶಿಗೆ ಬೇಕಾದ ಅಗ್ಗದ ಹುಳಿ ಹೀಗೆ ಸಿಕ್ಕಿತು.

ನಿಂತುಕೊಂಡೇ ಎರಡು ತುತ್ತು

ಎಡೊ ಗಂಡಸರ ಊರು. 1721ರ ಎಣಿಕೆಯ ಪ್ರಕಾರ ಅಲ್ಲಿನ ಸುಮಾರು 5 ಲಕ್ಷ ಪೇಟೆಯ ಜನರಲ್ಲಿ ಗಂಡಸರು 3 ಲಕ್ಷ 20 ಸಾವಿರದಷ್ಟು, ಹೆಂಗಸರು 1 ಲಕ್ಷ 80 ಸಾವಿರದಷ್ಟು. ಸಮುರಾಯಿಗಳ ಸಂಖ್ಯೆ ಇದಕ್ಕೆ ಹೊರತು. ಹಳ್ಳಿಯಿಂದ ಕೆಲಸಕ್ಕೆ ಬಂದ ಬಡಗಿಗಳು, ಕೂಲಿಗಳು, ಅಂಗಡಿ ಹುಡುಗರು ಸಣ್ಣ ಕೋಣೆಗಳಲ್ಲಿ ಒಂಟಿಯಾಗಿ ಇರುತ್ತಿದ್ದರು. ಮುಂಬಯಿಗೆ ನಮ್ಮ ಕರಾವಳಿಯಿಂದ ಹೋದ ಹುಡುಗರ ಮೊದಲ ತಲೆಮಾರು ನೆನಪಾಗುವಂಥ ಪಾಡು ಅದು. ಅವರಿಗಾಗಿ ಮಾಟುಂಗದಲ್ಲಿ ಉಡುಪಿ ಊಟದ ಮನೆಗಳು ಹುಟ್ಟಿದವು. ಎಡೊದ ಒಂಟಿ ಗಂಡಸರಿಗಾಗಿ ಗಾಡಿಗಳಲ್ಲಿ ಸೊಬಾ ಶಾವಿಗೆ, ತೆಂಪುರಾ ಎಂಬ ಕರಿದ ತಿಂಡಿ, ಮತ್ತು ಸುಶಿ ಬಂದವು.

1820ರ ದಶಕದ ಸುಮಾರಿಗೆ, ಅನ್ನವನ್ನು ಅಂಗೈಯಲ್ಲಿ ಅದುಮಿ ಮೇಲೆ ಮೀನಿನ ತುಂಡು ಇಟ್ಟು ಅಲ್ಲೇ ಕೊಡುವ ‘ನಿಗಿರಿ’ ಸುಶಿ ಜನಪ್ರಿಯವಾಯಿತು. ರ್ಯೋಗೊಕು ಬಡಾವಣೆಯ ಹನಾಯಾ ಯೊಹೇಯಿ ಇದನ್ನು ಕಂಡುಹಿಡಿದ ಎನ್ನುವವರಿದ್ದಾರೆ. ಅವನೊಬ್ಬನೇ ಅಲ್ಲ, ಅವನು ಅದನ್ನು ಹೆಸರುವಾಸಿ ಮಾಡಿದ ಎನ್ನುವವರೂ ಇದ್ದಾರೆ. ಅವನೂ ಆರಂಭದಲ್ಲಿ ಪೆಟ್ಟಿಗೆ ಹೊತ್ತು ಬೀದಿ ಬೀದಿ ಸುತ್ತಿ ಮಾರಿದವನೇ ಎಂದು ಹೇಳುತ್ತಾರೆ.

ಆ ಕಾಲದ ಗಿರಾಕಿಯ ಅನುಭವ ಹೀಗಿತ್ತು. ಕೆಲಸ ಮುಗಿಸಿ, ಸಾರ್ವಜನಿಕ ಸ್ನಾನಗೃಹದಿಂದ ಬರುವಾಗ ಗಾಡಿಯ ಮುಂದೆ ನಿಲ್ಲುವುದು. ಮಾಡಿಟ್ಟ ಸುಶಿ ಮುಂದೆ ಸಾಲಾಗಿ ಇರುತ್ತಿತ್ತು. ಒಂದೊಂದೂ ಇಂದಿನದರ ಎರಡು ಮೂರು ಪಟ್ಟು ದೊಡ್ಡದು, ಒಂದು ಸಣ್ಣ ಅನ್ನದ ಉಂಡೆಯಷ್ಟು. ಎಲ್ಲರಿಗೂ ಸೇರಿ ಒಂದೇ ಬಟ್ಟಲು ಸೋಯಾ ಸಾಸ್. ಬಂದವರೆಲ್ಲ ಅದರಲ್ಲೇ ಅದ್ದಿ ತಿನ್ನುವುದು. ಹೋಗುವಾಗ ಅಂಗಡಿಯ ಮುಂದೆ ತೂಗುವ ಬಟ್ಟೆ ಪರದೆಗೆ ಕೈ ಒರೆಸಿಕೊಳ್ಳುತ್ತಿದ್ದರಂತೆ. ಪರದೆ ಎಷ್ಟು ಕೊಳೆಯೋ ಅಂಗಡಿ ಅಷ್ಟು ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಹಾಗೆ. ಈಗಿನ ಆ್ಯಪ್‌ಗಳಲ್ಲಿ ನಕ್ಷತ್ರ ಎಣಿಸುವ ಕೆಲಸವನ್ನು ಆಗ ಆ ಪರದೆ ಮಾಡುತ್ತಿತ್ತು ಎನ್ನಬೇಕು.

1837ರಿಂದ ಎಡೊ ಜೀವನವನ್ನು ದಾಖಲಿಸುತ್ತಾ ಹೋದ ಕಿತಾಗಾವಾ ಮೊರಿಸಾದ ಎಂಬಾತ ಬೆಲೆಗಳನ್ನೂ ಬರೆದಿಟ್ಟಿದ್ದಾನೆ: ಸುಶಿ ಒಂದಕ್ಕೆ 8 ಮೊನ್, ಮೊಟ್ಟೆಯ ಸುರುಳಿಗೆ 16 ಮೊನ್. ಒಂದು ಬಟ್ಟಲು ಸೊಬಾಗೂ ಆಗ 16 ಮೊನ್. ಅಂದರೆ ಒಂದು ಬಟ್ಟಲು ಶಾವಿಗೆಯ ಹಣಕ್ಕೆ ಎರಡು ದೊಡ್ಡ ಸುಶಿ ಬರುತ್ತಿತ್ತು, ಹೊಟ್ಟೆಗೆ ಆಧಾರವಾಗುತ್ತಿತ್ತು.

ಮನೆಗೆ ಬಂದ ತಟ್ಟೆ

ಗಾಡಿಯ ಮುಂದೆ ನಿಂತು ಕೈಯಲ್ಲಿ ತಿನ್ನುವುದು ಮುಖ್ಯವಾಗಿ ಗಂಡಸರ ಲೋಕ. ಹಾಗಾದರೆ ಹೆಂಗಸರು? ಉತಾಗಾವಾ ಕುನಿಯೊಶಿ ಎಂಬ ಪ್ರಸಿದ್ಧ ಚಿತ್ರಕಾರನ 1840ರ ದಶಕದ ಒಂದು ಮರದಚ್ಚಿನ ಚಿತ್ರ ಇದಕ್ಕೆ ಸುಳಿವು ಕೊಡುತ್ತದೆ. ಚೌಕುಳಿ ಬಟ್ಟೆ ಉಟ್ಟ ಹೆಣ್ಣೊಬ್ಬಳು ಕೈಯಲ್ಲಿ ಸುಶಿಯ ತಟ್ಟೆ ಹಿಡಿದಿದ್ದಾಳೆ, ಮಗುವೊಂದು ಬೇಕು ಎಂದು ಅದಕ್ಕೆ ಕೈ ಚಾಚಿದೆ. ಎಡೊದ ದುಬಾರಿ ಸುಶಿ ಅಂಗಡಿಯೊಂದರ ಹೆಸರು ಆ ಚಿತ್ರದ ಶೀರ್ಷಿಕೆಯಲ್ಲೇ ಇದೆ. ಅಂಗಡಿಯ ಗದ್ದಲ ಅಲ್ಲಿಲ್ಲ. ತಾಯಿಯ ಕೈ, ಮಗುವಿನ ಹಟ, ನಡುವೆ ತಟ್ಟೆ. ಹೆಂಗಸರು, ಮಕ್ಕಳ ಪಾಲಿನ ಸುಶಿ ಹೆಚ್ಚಾಗಿ ಹೀಗೆ ಕಟ್ಟಿಸಿಕೊಂಡು ತಂದ ಸುಶಿ, ಇಲ್ಲವೇ ಮನೆಯಲ್ಲೇ ಹಬ್ಬಕ್ಕೆ ಮಾಡಿದ ಸುಶಿ.

ಕಟ್ಟುವುದಕ್ಕೆ ಬಿದಿರಿನ ಎಲೆ, ತೆಳು ಮರದ ಪೆಟ್ಟಿಗೆ. ಒಂದು ತುಂಡಿನ ವಾಸನೆ ಇನ್ನೊಂದಕ್ಕೆ ಹತ್ತದಂತೆ ನಡುವೆ ಎಲೆ ಕತ್ತರಿಸಿ ಇಡುತ್ತಿದ್ದರು. ಇಂದಿನ ಡಬ್ಬಿಯಲ್ಲಿ ಹುಲ್ಲಿನ ಆಕಾರಕ್ಕೆ ಕತ್ತರಿಸಿದ ಹಸಿರು ಪ್ಲಾಸ್ಟಿಕ್ ತುಂಡು ಇರುತ್ತದಲ್ಲ, ಅದು ಆ ಎಲೆಯ ನೆನಪು. ಮುತ್ತುಗದೆಲೆ ಹೋಗಿ ಅದರ ಅಚ್ಚಿನ ಕಾಗದದ ತಟ್ಟೆ ಬಂದ ಹಾಗೆ.

ನಾಟಕ ನೋಡಲು ಹೋಗುವವರು ಬುತ್ತಿ ಒಯ್ಯುವ ರೂಢಿಯೂ ಇತ್ತು. ಕರಿದ ತೋಫುವಿನ ಚೀಲದಲ್ಲಿ ಅನ್ನ ತುಂಬಿದ ‘ಇನಾರಿ’ ಸುಶಿ, ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಸುರುಳಿ ಸುಶಿ, ಎರಡೂ ಸೇರಿದ ಡಬ್ಬಿಗೆ ಇಂದಿಗೂ ‘ಸುಕೆರೊಕು’ ಎಂದೇ ಹೆಸರು. ಸುಕೆರೊಕು ಒಂದು ಕಬುಕಿ ನಾಟಕದ ನಾಯಕ. ಅವನ ಪ್ರೇಯಸಿ ಅಗೆಮಾಕಿ. ‘ಅಗೆ’ ಎಂದರೆ ಕರಿದ ತೋಫು, ‘ಮಾಕಿ’ ಎಂದರೆ ಸುರುಳಿ. ಡಬ್ಬಿಯಲ್ಲಿ ಇರುವುದೆಲ್ಲ ಆಕೆಯ ಹೆಸರಿನಿಂದ ಬಂದದ್ದು, ಡಬ್ಬಿಗೆ ಮಾತ್ರ ಅವನ ಹೆಸರು!

ಅಕ್ಕಿ ತನ್ನಿ, ಸುಶಿ ಒಯ್ಯಿರಿ

1923ರ ಮಹಾ ಭೂಕಂಪದಲ್ಲಿ ಟೋಕಿಯೋ ನೆಲಸಮವಾದಾಗ ಸುಶಿ ಮಾಡುವವರು ತಂತಮ್ಮ ಊರುಗಳಿಗೆ ಮರಳಿದರು. ರಾಜಧಾನಿಯ ನಿಗಿರಿ ಸುಶಿ ದೇಶವಿಡೀ ಹರಡಿದ್ದಕ್ಕೆ ಇದೂ ಒಂದು ಕಾರಣ. ಆದರೆ ಗಿರಾಕಿಯ ಕಡೆಯಿಂದ ನೋಡಿದರೆ ಎಲ್ಲಕ್ಕಿಂತ ಮನ ತಟ್ಟುವ ಅಧ್ಯಾಯ ಎರಡನೇ ಮಹಾಯುದ್ಧದ ನಂತರದ್ದು.

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಕ್ಕಿ ಪಡಿತರದಲ್ಲಿ ಸಿಗುತ್ತಿತ್ತು. ಧಾನ್ಯ ಉಳಿಸಲೆಂದು 1947ರಲ್ಲಿ ಸರ್ಕಾರ ಊಟದ ಅಂಗಡಿಗಳನ್ನು ನಿಲ್ಲಿಸುವ ಆದೇಶ ಹೊರಡಿಸಿತು. ಟೋಕಿಯೋದ ಸುಶಿಗಾರರು ಒಂದು ದಾರಿ ಹುಡುಕಿದರು. ನಾವು ಊಟ ಮಾರುತ್ತಿಲ್ಲ, ಗಿರಾಕಿ ತಂದ ಅಕ್ಕಿಯನ್ನು ಕೂಲಿಗೆ ಸುಶಿ ಮಾಡಿಕೊಡುತ್ತೇವೆ ಎಂದರು. ಅಧಿಕಾರಿಗಳು ಒಪ್ಪಿದರು. ಮನೆಯಿಂದ ಒಂದು ‘ಗೊ’, ಅಂದರೆ ಸುಮಾರು 150 ಗ್ರಾಂ ಅಕ್ಕಿ ತಂದು ಕೂಲಿ ಕೊಟ್ಟರೆ 10 ತುಂಡು ಸುಶಿ. ನಮ್ಮೂರ ಗಿರಣಿಗೆ ರಾಗಿ, ಗೋಧಿ ಒಯ್ದು ಹಿಟ್ಟು ಮಾಡಿಸಿ ತರುವ ಲೆಕ್ಕವೇ. ಮೀನು ಕೊರತೆ ಇದ್ದಾಗ ಸಿಕ್ಕ ತರಕಾರಿಯೂ ಮೇಲೆ ಕುಳಿತಿತು. ಪಡಿತರದ ಅಕ್ಕಿಯಲ್ಲಿ ಒಂದು ಗೊ ತೆಗೆದಿಡುವುದು ಎಂದರೆ ಏನೆಂದು ಅಡುಗೆಮನೆ ನಡೆಸಿದ ಯಾರಿಗಾದರೂ ತಿಳಿಯುತ್ತದೆ. ಇನ್ನೊಂದು ಹೊತ್ತಿನ ಗಂಜಿ ತೆಳ್ಳಗಾಗುತ್ತದೆ. ಆದರೂ ಜನ ಅಕ್ಕಿಯ ಗಂಟು ಹಿಡಿದು ಬಂದರು. ಒಬ್ಬರ ಪಾಲು ಸುಶಿ ಎಂದರೆ ಸುಮಾರು ಹತ್ತು ತುಂಡು ಎಂಬ ಇಂದಿನ ರೂಢಿ ಗಟ್ಟಿಯಾದದ್ದು ಆ ಬಡತನದ ದಿನಗಳಲ್ಲಿ.

ಬೆಲೆ ಹೇಳದ ಕಟ್ಟೆ

ಯುದ್ಧಾನಂತರ ನೈರ್ಮಲ್ಯದ ನಿಯಮಗಳು ಬಿಗಿಯಾದಂತೆ ಬೀದಿಯ ಸುಶಿ ಗಾಡಿಗಳು ಮರೆಯಾದವು. ಸುಶಿ ಕಟ್ಟಡದೊಳಗೆ ಸೇರಿತು. ಗಾಡಿಯ ಮುಂದೆ ನಿಲ್ಲುತ್ತಿದ್ದ ಜಾಗವೇ ಒಳಗೆ ಕಟ್ಟೆಯಾಗಿ, ಮುಂದೆ ಕುರ್ಚಿಗಳು ಬಂದವು. ದೇಶ ಶ್ರೀಮಂತವಾದಂತೆ ಆ ಕಟ್ಟೆ ಪ್ರತಿಷ್ಠೆಯ ಸ್ಥಳವಾಯಿತು. ಒಳ್ಳೆಯ ಅಂಗಡಿಗಳಲ್ಲಿ ಎಷ್ಟೋ ಮೀನುಗಳಿಗೆ ಬೆಲೆಯ ಬದಲು ‘ಜಿಕಾ’ ಎಂದು ಬರೆದಿರುತ್ತಾರೆ. ಅಂದರೆ ಆ ದಿನದ ಮಾರುಕಟ್ಟೆ ದರ. ಎಷ್ಟು ಎಂದು ಕೇಳುವುದು ಸಂಕೋಚ, ಕೇಳದೆ ತಿನ್ನುವುದು ಭಯ. ಕಂಪನಿಯ ಖರ್ಚಿನಲ್ಲಿ ಬರುವ ಗಂಡಸರಿಗೆ ಅದು ತೊಂದರೆಯಲ್ಲ. ತಿಂಗಳ ಲೆಕ್ಕ ನೋಡಿ ಮನೆ ನಡೆಸುವವಳು ಮಕ್ಕಳನ್ನು ಕರೆದುಕೊಂಡು ಅಂಥ ಕಟ್ಟೆಯ ಮುಂದೆ ಕೂರುವುದು ಹೇಗೆ? ಅಂಥ ಮನೆಗಳಿಗೆ ವಿಶೇಷ ದಿನಗಳಲ್ಲಿ ಅಂಗಡಿಯ ಹುಡುಗ ಅರಗಿನ ಹೊಳಪಿನ ದುಂಡು ತಟ್ಟೆಯಲ್ಲಿ ಸುಶಿ ತಂದುಕೊಡುತ್ತಿದ್ದ, ಖಾಲಿ ತಟ್ಟೆಗೆ ಆಮೇಲೆ ಬರುತ್ತಿದ್ದ.

ಈ ಬಾಗಿಲನ್ನು ಅಗಲ ಮಾಡಿದವರು ಶಿರಾಯಿಶಿ ಯೋಶಿಅಕಿ. ಒಸಾಕಾ ಬಳಿ ಸಣ್ಣ ಸುಶಿ ಅಂಗಡಿ ಇಟ್ಟುಕೊಂಡಿದ್ದ ಅವರು ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, ಸುಶಿಯ ತಟ್ಟೆಗಳನ್ನೂ ಹಾಗೆ ಓಡಿಸಬಾರದೇಕೆ ಎಂದು ಯೋಚಿಸಿದರು. ವರ್ಷಗಳ ಪ್ರಯೋಗದ ನಂತರ 1958ರಲ್ಲಿ ಹಿಗಾಶಿ ಒಸಾಕಾದಲ್ಲಿ ಮೊದಲ ‘ತಿರುಗುವ ಸುಶಿ’ ಅಂಗಡಿ ತೆರೆಯಿತು. ಪಟ್ಟಿಯ ವೇಗ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ಎಂದು ಗೊತ್ತು ಮಾಡಿದರು. ಅದಕ್ಕಿಂತ ನಿಧಾನವಾದರೆ ಗಿರಾಕಿಗೆ ಬೇಸರ, ಜೋರಾದರೆ ತಟ್ಟೆ ಎತ್ತಿಕೊಳ್ಳಲು ಗಾಬರಿ. 1970ರ ಒಸಾಕಾ ವಿಶ್ವ ಮೇಳದಲ್ಲಿ ಇದು ಪ್ರದರ್ಶನಗೊಂಡು ದೇಶಕ್ಕೆಲ್ಲ ಪರಿಚಯವಾಯಿತು.

ಎಲ್ಲರೂ ಯಂತ್ರವನ್ನು ಹೊಗಳಿದರು. ನನಗೆ ಅನಿಸುವಂತೆ ನಿಜವಾದ ಬದಲಾವಣೆ ತಟ್ಟೆಯ ಬಣ್ಣದ್ದು. ಈ ಬಣ್ಣಕ್ಕೆ ಇಷ್ಟು, ಆ ಬಣ್ಣಕ್ಕೆ ಅಷ್ಟು. ತಿಂದ ತಟ್ಟೆಗಳನ್ನು ಪೇರಿಸಿಟ್ಟು ಎಣಿಸಿದರೆ ಬಿಲ್ಲು. ಯಾರನ್ನೂ ಕೇಳಬೇಕಿಲ್ಲ, ಮೀನಿನ ಹೆಸರು ಗೊತ್ತಿಲ್ಲವೆಂದು ನಾಚಬೇಕಿಲ್ಲ; ಕಣ್ಣಿಗೆ ಕಂಡದ್ದನ್ನು ಎತ್ತಿಕೊಳ್ಳುವುದು. ಮುಂದೆ ಪಟ್ಟಿಯ ಪಕ್ಕದಲ್ಲೇ ಕುಟುಂಬಗಳು ಕೂರುವ ಮೇಜುಗಳೂ ಬಂದವು. ಅಜ್ಜಿ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಬಂದು ತಿನ್ನುವ ಜಾಗವಾಯಿತು. ಇದೇ ಕಾಲದಲ್ಲಿ ಕಟ್ಟಿಕೊಡುವುದಕ್ಕೆಂದೇ ಇರುವ ಸುಶಿ ಅಂಗಡಿಗಳ ಸರಪಳಿಗಳೂ ಬೆಳೆದವು. ಅವುಗಳಲ್ಲಿ ಒಂದಾದ ಕೊಜೊ ಸುಶಿ 1970ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಅತಿ ದೊಡ್ಡ ಆಹಾರ ಸರಪಳಿಗಳಲ್ಲಿ ಸೇರಿತ್ತು. 1981ರಲ್ಲಿ ಸುಜುಮೊ ಎಂಬ ಸಂಸ್ಥೆ ಅನ್ನ ಅದುಮುವ ಯಂತ್ರ ತಯಾರಿಸಿತು. ವರ್ಷಗಟ್ಟಲೆ ಕೈ ಪಳಗಿಸಿದವರ ಕೆಲಸದ ಒಂದು ಪಾಲು ಯಂತ್ರಕ್ಕೆ ಹೋಯಿತು, ಬೆಲೆ ಇನ್ನೂ ಇಳಿಯಿತು.

ನಮ್ಮ ಬೆಂಗಳೂರಿನ ದರ್ಶಿನಿಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. 1980ರ ದಶಕದಲ್ಲಿ ಬಂದ ಆ ನಿಂತು ತಿನ್ನುವ ಹೋಟೆಲುಗಳಲ್ಲಿ ಬೆಲೆ ಗೋಡೆಯ ಮೇಲಿರುತ್ತದೆ, ಮೊದಲು ಚೀಟಿ, ಆಮೇಲೆ ತಟ್ಟೆ, ಕಣ್ಣೆದುರೇ ಅಡುಗೆ. ಕೆಲಸಕ್ಕೆ ಹೋಗುವ ಹೆಣ್ಣು ಒಬ್ಬಳೇ ಬಂದು, ಐದು ನಿಮಿಷದಲ್ಲಿ ತಿಂದು, ಯಾರ ಕಣ್ಣಿಗೂ ಬೀಳದೆ ಹೊರಟುಬಿಡಬಹುದು.

ಸಮುದ್ರದಾಚೆ

ಅಮೆರಿಕದ ಲಾಸ್ ಏಂಜಲೀಸಿನ ಲಿಟಲ್ ಟೋಕಿಯೋ ಬಡಾವಣೆಯಲ್ಲಿ 1960ರ ದಶಕದಲ್ಲಿ ಸುಶಿ ಕಟ್ಟೆಗಳು ಶುರುವಾದವು. ಹಸಿ ಮೀನು ಮತ್ತು ಕಪ್ಪು ಪಾಚಿ ಹಾಳೆ ಎರಡನ್ನೂ ಕಂಡು ಅಲ್ಲಿನ ಗಿರಾಕಿಗಳು ಹಿಂಜರಿದರು. ಅವರಿಗಾಗಿ ಹುಟ್ಟಿದ್ದು ಕ್ಯಾಲಿಫೋರ್ನಿಯಾ ರೋಲ್: ಏಡಿ, ಸೌತೆಕಾಯಿ, ಬೆಣ್ಣೆಹಣ್ಣು ಒಳಗೆ, ಪಾಚಿ ಕಾಣದಂತೆ ಅನ್ನ ಹೊರಗೆ. ಇದನ್ನು ಮೊದಲು ಮಾಡಿದ್ದು ಲಾಸ್ ಏಂಜಲೀಸಿನ ಮಶಿತಾ ಇಚಿರೊ ಎಂದು ಕೆಲವರು, ಕೆನಡಾದ ವ್ಯಾಂಕೂವರಿನ ತೊಜೊ ಹಿಡೆಕಾಜು ಎಂದು ಕೆಲವರು. ಯಾರೇ ಮಾಡಿರಲಿ, ಗಿರಾಕಿಯ ಹಿಂಜರಿಕೆಯೇ ಹೊಸ ತಿಂಡಿಗೆ ಕಾರಣವಾಯಿತು.

ಗಿರಾಕಿಯ ನಂಬಿಕೆಯನ್ನು ಬದಲಿಸಿದ ಇನ್ನೊಂದು ಕಥೆ ಸಾಲ್ಮನ್ ಮೀನಿನದು. ಇಂದು ಸುಶಿ ಎಂದರೆ ಕಣ್ಣಿಗೆ ಬರುವುದು ಕಿತ್ತಳೆ ಬಣ್ಣದ ಸಾಲ್ಮನ್. ಆದರೆ ಜಪಾನೀಯರು ತಮ್ಮ ಕಡಲಿನ ಸಾಲ್ಮನ್ನನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ, ಹೊಟ್ಟೆಗೆ ಹುಳು ಸೇರುವ ಭಯ. 1980ರ ದಶಕದಲ್ಲಿ ನಾರ್ವೆ ದೇಶ ತಾನು ಸಾಕಿ ಬೆಳೆಸಿದ ಸಾಲ್ಮನ್ ಮಾರಲು ಜಪಾನಿನಲ್ಲಿ ವರ್ಷಗಟ್ಟಲೆ ಪ್ರಚಾರ ನಡೆಸಿತು. ಅದನ್ನು ಮೊದಲು ಒಪ್ಪಿಕೊಂಡದ್ದು ಗಂಭೀರ ಕಟ್ಟೆಗಳಲ್ಲ, ಅಗ್ಗದ ತಿರುಗುವ ಸುಶಿ ಅಂಗಡಿಗಳು.

1986ರಲ್ಲಿ ಲಾಸ್ ಏಂಜಲೀಸಿನ ಸೂಪರ್ ಮಾರ್ಕೆಟ್ಟಿನೊಳಗೆ ಸುಶಿ ಮಾಡಿ ಡಬ್ಬಿಯಲ್ಲಿ ಮಾರುವ ಕಟ್ಟೆಗಳನ್ನು ಇಶಿಯಿ ರ್ಯೂಜಿ ಆರಂಭಿಸಿದರು. ಹಾಲು, ಬ್ರೆಡ್ಡು ಕೊಳ್ಳಲು ಬಂದವರು ಸುಶಿ ಡಬ್ಬಿಯನ್ನೂ ಬುಟ್ಟಿಗೆ ಹಾಕಿಕೊಂಡರು. ಲಂಡನ್ನಿನಲ್ಲಿ 1997ರಲ್ಲಿ ಯೋ ಸುಶಿ ಪಟ್ಟಿ ತಿರುಗಿಸಿತು. ಭಾರತದಲ್ಲಿ ಪ್ರಯಾಣ ಮೇಲಿನಿಂದ ಕೆಳಗೆ: 2004ರಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ ಮೊರಿಮೊಟೊ ಅವರ ವಸಾಬಿ, ಆಮೇಲೆ ಮಾಲು, ಆಮೇಲೆ ಮನೆ ಬಾಗಿಲು. ನಮಗೆ ಸುಶಿ ಶ್ರೀಮಂತರ ತಿಂಡಿಯಾಗಿ ಕಂಡದ್ದು ಈ ತಲೆಕೆಳಗಾದ ಪ್ರಯಾಣದಿಂದ.

ಕಟ್ಟೆಯ ಆಚೆ ಬದಿ

ಗಿರಾಕಿಯಾಗಿ ಹೆಣ್ಣಿಗೆ ಬಾಗಿಲು ತೆರೆದರೂ ಕಟ್ಟೆಯ ಆಚೆ ಬದಿಗೆ ಆಕೆಗೆ ಜಾಗ ಸಿಗಲಿಲ್ಲ. ಹೆಂಗಸರ ಕೈ ಬೆಚ್ಚಗಿರುತ್ತದೆ, ಮೀನು ಕೆಡುತ್ತದೆ ಎಂದರು. ಮುಟ್ಟಿನ ದಿನಗಳಲ್ಲಿ ನಾಲಿಗೆಯ ರುಚಿ ಸ್ಥಿರವಾಗಿರುವುದಿಲ್ಲ ಎಂದರು. ಈ ವಾದಗಳ ಧಾಟಿ ನಮಗೆ ಹೊಸತಲ್ಲ. ಉಪ್ಪಿನಕಾಯಿ ಜಾಡಿಯನ್ನು ಯಾವಾಗ ಮುಟ್ಟಬಾರದು ಎಂದು ಕೇಳಿ ಬೆಳೆದವರು ನಾವು. ವಿಚಿತ್ರವೆಂದರೆ ಹಬ್ಬಕ್ಕೆ ಮನೆಮಂದಿಗೆಲ್ಲ ಸುಶಿ ಮಾಡುವಾಗ ಅದೇ ಕೈ ಯಾರಿಗೂ ಬೆಚ್ಚಗೆನಿಸಲಿಲ್ಲ.

ಕಾನೂನೂ ಅಡ್ಡವಿತ್ತು. ಜಪಾನಿನ ಕಾರ್ಮಿಕ ಕಾಯ್ದೆ ಹೆಂಗಸರ ರಾತ್ರಿ ಪಾಳಿಗೆ ಹಾಕಿದ್ದ ನಿರ್ಬಂಧ ಸಾಮಾನ್ಯ ಕೆಲಸಗಳಿಗೆ ಪೂರ್ತಿಯಾಗಿ ತೆರವಾದದ್ದು 1999ರಲ್ಲಿ. ರಾತ್ರಿ ವ್ಯಾಪಾರವೇ ಮುಖ್ಯವಾದ ಸುಶಿ ಕಟ್ಟೆಯಲ್ಲಿ ಪೂರ್ಣಾವಧಿ ಕೆಲಸ ಕಲಿಯುವುದಕ್ಕೇ ಅದು ತಡೆ. 2010ರಲ್ಲಿ ಟೋಕಿಯೋದ ಅಕಿಹಾಬಾರಾದಲ್ಲಿ ಹೆಂಗಸರೇ ಸುಶಿ ಮಾಡುವ ‘ನಾದೆಶಿಕೊ ಸುಶಿ’ ಎಂಬ ಅಂಗಡಿ ತೆರೆದು ಸುದ್ದಿಯಾಯಿತು. ಅದು ಸುದ್ದಿಯಾದದ್ದೇ ಕಟ್ಟೆಯ ಪರಿಸ್ಥಿತಿಯನ್ನು ಹೇಳುತ್ತದೆ. ಸೂಪರ್ ಮಾರ್ಕೆಟ್ಟಿನ ಹಿಂಬದಿಯಲ್ಲಿ, ತಲೆಗೆ ಟೋಪಿ, ಬಾಯಿಗೆ ಮಾಸ್ಕ್ ಹಾಕಿಕೊಂಡು ಡಬ್ಬಿ ತುಂಬುವ ಹೆಂಗಸರು ಸುದ್ದಿಯಾಗುವುದಿಲ್ಲ.

ಡಬ್ಬಿ ಕೊಳ್ಳುವಾಗ

ಅಗ್ಗದ ಊಟಕ್ಕೆ ಇನ್ನೊಂದು ಮುಖವೂ ಇದೆ. ಫೆಬ್ರವರಿಯ ಸೆತ್ಸುಬುನ್ ಹಬ್ಬದಂದು ಶುಭ ದಿಕ್ಕಿಗೆ ಮುಖ ಮಾಡಿ ದಪ್ಪ ಸುರುಳಿ ಸುಶಿ ತಿನ್ನುವ ಒಸಾಕಾ ಕಡೆಯ ರೂಢಿಯನ್ನು ಅಂಗಡಿ ಸರಪಳಿಗಳು ದೇಶಕ್ಕೆಲ್ಲ ಹಬ್ಬಿಸಿದವು. ಮಾರಾಟವಾಗದೆ ಉಳಿದ ಸುರುಳಿಗಳು ರಾಶಿ ರಾಶಿಯಾಗಿ ಕಸಕ್ಕೆ ಹೋಗುವುದನ್ನು ಕಂಡು, ಬೇಡಿಕೆಯಷ್ಟೇ ಮಾಡಿ ಎಂದು 2019ರಲ್ಲಿ ಸರ್ಕಾರವೇ ಹೇಳಬೇಕಾಯಿತು. ಒಂದು ಗೊ ಅಕ್ಕಿ ಹಿಡಿದು ಸಾಲಲ್ಲಿ ನಿಂತಿದ್ದ ದೇಶ ಅದೇ. 2023ರಲ್ಲಿ ತಿರುಗುವ ಸುಶಿ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಎಲ್ಲರೂ ಬಳಸುವ ಸೋಯಾ ಬಾಟಲಿಯನ್ನು ನೆಕ್ಕಿದ ವಿಡಿಯೋ ಹರಡಿ ದೇಶವೇ ಬೆಚ್ಚಿತು. ಒಂದೇ ಬಟ್ಟಲಿನಲ್ಲಿ ಎಲ್ಲರೂ ಅದ್ದುತ್ತಿದ್ದ ತಿಂಡಿ, ಒಂದು ಬಾಟಲಿಯಿಂದ ನಡುಗಿತು. ಈಗ ಎಷ್ಟೋ ಕಡೆ ಪಟ್ಟಿಯ ಮೇಲೆ ತಟ್ಟೆಗಳು ಸುಮ್ಮನೆ ಸುತ್ತುವುದಿಲ್ಲ. ಪರದೆ ಒತ್ತಿ ಕೇಳಿದವರ ಮುಂದೆ ಮಾತ್ರ ಬಂದು ನಿಲ್ಲುತ್ತವೆ.

ಕೊನೆಗೆ ನಮ್ಮ ಮನೆಗಳಿಗೆ ಬೇಕಾದ ನಾಲ್ಕು ಮಾತು. ಸುಶಿಯ ಅನ್ನ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಹೊರಗಿಟ್ಟರೆ ಮೀನು ಕೆಡುತ್ತದೆ. ಹಾಗಾಗಿ ತಂದ ದಿನವೇ, ಆದಷ್ಟು ಬೇಗ ತಿನ್ನುವುದು ಸರಿ. ಡಬ್ಬಿಯ ಮೇಲೆ ಮಾಡಿದ ಹೊತ್ತು ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಬಸುರಿಯರು ಹಸಿ ಮೀನಿನದನ್ನು ಬಿಟ್ಟು ಬೇಯಿಸಿದ್ದನ್ನೋ ತರಕಾರಿಯದನ್ನೋ ಆರಿಸಿಕೊಳ್ಳಲಿ. ಶಾಕಾಹಾರಿಗಳಿಗೆ ಸೌತೆಕಾಯಿ, ಬೆಣ್ಣೆಹಣ್ಣಿನ ಸುರುಳಿಗಳಿವೆ. ಸೋರೆಯ ಜಾತಿಯ ಕಾಯಿಯನ್ನು ಪಟ್ಟಿ ಕೊಯ್ದು ಒಣಗಿಸಿ ಬೇಯಿಸಿ ಸುತ್ತುವ ‘ಕಂಪ್ಯೊ’ ಸುರುಳಿಯೂ ಇದೆ, ಅದು ಜಪಾನಿನ ಹಳೆಯ ರುಚಿ. ಆದರೆ ಸೋರೆಯನ್ನೂ ಇನಾರಿಯ ತೋಫುವನ್ನೂ ಹಲವು ಕಡೆ ಒಣಮೀನಿನ ಸಾರಿನಲ್ಲಿ ಬೇಯಿಸುತ್ತಾರೆ. ‘ವೆಜ್’ ಎಂದು ಬರೆದಿದ್ದರೂ ಬೇಯಿಸಿದ ನೀರು ಯಾವುದೆಂದು ಒಂದು ಮಾತು ಕೇಳಿ. ಕೇಳುವುದರಲ್ಲಿ ನಾಚಿಕೆ ಬೇಡ. ಬೆಲೆ ಕೇಳಲು ಹೆದರುತ್ತಿದ್ದ ಗಿರಾಕಿಗಾಗಿ ತಟ್ಟೆಗೆ ಬಣ್ಣ ಬಂತು, ಪಾಚಿ ಕಂಡು ಹಿಂಜರಿದವರಿಗಾಗಿ ಅನ್ನ ಹೊರಗೆ ಬಂತು. ಕೇಳುವವರು ಹೆಚ್ಚಾದರೆ ನಮ್ಮ ಊರಿನ ಡಬ್ಬಿಯ ಮೇಲೂ ಒಂದು ಸಾಲು ಹೆಚ್ಚು ಅಚ್ಚಾಗುತ್ತದೆ.